ಸಿಂಡ್ರೆಲಾಳನ್ನು ಮತ್ತೆ ಬರೆಯುವ ಮುನ್ನ

ಹದಿಹರೆಯದವರಿಗಾಗಿ ಹಳೆಯ ಕಥೆಯನ್ನು ಫ್ಯಾಂಟಸಿ ಕಾದಂಬರಿಯಾಗಿಸಲು ಹೊರಟವರು ಮೊದಲು ಕಥೆಯ ಯಾವ ಪಾಠ, ಅಂದರೆ ಯಾರು ಬರೆದ ರೂಪ, ಹಿಡಿಯಬೇಕೆಂದು ತೀರ್ಮಾನಿಸಬೇಕು. ಗಾಜಿನ ಚಪ್ಪಲಿ, ಕುಂಬಳಕಾಯಿ ರಥ, ಮಧ್ಯರಾತ್ರಿಯ ಗಡುವು ಫ್ರೆಂಚ್ ಲೇಖಕ ಷಾರ್ಲ್ ಪೆರೋನ 1697ರ ಪಾಠದವು. ಜರ್ಮನಿಯ ಕಥಾಸಂಗ್ರಾಹಕರಾದ ಗ್ರಿಮ್ ಸಹೋದರರ 1857ರ ಆವೃತ್ತಿಯಲ್ಲಿ ಇವ್ಯಾವುವೂ ಇಲ್ಲ. ಅಲ್ಲಿರುವುದು ತಾಯಿಯ ಸಮಾಧಿ ಮೇಲಿನ ಮರ, ಅದರಲ್ಲಿ ಕೂತ ಬಿಳಿ ಹಕ್ಕಿ, ಮೂರು ದಿನದ ಉತ್ಸವ. ಮೂರನೇ ರಾತ್ರಿ ರಾಜಕುಮಾರ ಮೆಟ್ಟಿಲಿಗೆಲ್ಲ ರಾಳ ಬಳಿಸುತ್ತಾನೆ, ಅವಳ ಎಡಗಾಲಿನ ಚಿನ್ನದ ಚಪ್ಪಲಿ ಅಂಟಿಕೊಳ್ಳುತ್ತದೆ. ಅಂದರೆ ಓಡುವುದು ಅವಳ ಇಷ್ಟ, ಬಲೆ ಅವನದು! ನನ್ನನ್ನು ಕೇಳಿದರೆ ಕಾದಂಬರಿಗೆ ಇದೇ ವಾಸಿ.

ಕಥೆಯ ಘಟನೆಗಳನ್ನು ಒಂದೊಂದು ಸಾಲಲ್ಲಿ ಬರೆದಿಟ್ಟುಕೊಂಡು, ಒಂದರ ಕಾರಣವನ್ನು ಮಾತ್ರ ಬದಲಿಸಿ. ಅವಳು ಓಡುವುದೇಕೆ? ಉತ್ತರ ಬದಲಾದರೆ ಮಿಕ್ಕಿದ್ದೆಲ್ಲ ತಾನಾಗಿ ಕದಲುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಮೂಲದ ಗುರುತೇ ಸಿಗದು. ಬರೀ ಹೆಸರು, ಉಡುಪು ಬದಲಿಸುವುದು ಇನ್ನೂ ಕೆಟ್ಟದ್ದು. ಕೊನೆ ಗೊತ್ತಿರುವ ಓದುಗರು ನಡುವೆಯೇ ಆಕಳಿಸುತ್ತಾರೆ. ಹಾಗಾಗಿ ಎಲ್ಲರೂ ಕಾಯುವ ಚಪ್ಪಲಿ ದೃಶ್ಯವನ್ನು ಪುಸ್ತಕದ ಅರ್ಧಕ್ಕೇ ಮುಗಿಸಿಬಿಡಿ.

ಪೆರೋನ ಪಾಠವನ್ನೇ ಹಿಡಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಮಧ್ಯರಾತ್ರಿಗೆ ಎಲ್ಲ ಮಾಯವಾದರೂ ಚಪ್ಪಲಿ ಉಳಿದಿದ್ದು ಹೇಗೆ? ಅದರ ಸುಳಿವು ನೃತ್ಯದ ಅಧ್ಯಾಯಕ್ಕೂ ಮೊದಲೇ ಇರಲಿ. ಆಮೇಲೆ ಕೊಟ್ಟ ವಿವರಣೆ ಸಬೂಬಿನಂತೆ ಕೇಳಿಸುತ್ತದೆ.