ಫರ್ಗ್ಯುಸನ್ನೂ ಒಂದು ಮದುವೆ ಕಾಗದವೂ

16 ನವೆಂಬರ್ 2025, ಭಾನುವಾರ
ತೀರ್ಥಹಳ್ಳಿ ಹತ್ತಿರ

ಸೀಗೆಪುಡಿ ಹಾಕಿ ಎರಡು ಸಲ ತೊಳೆದರೂ ಕೈಯಿಂದ ಪೆಟ್ರೋಲ್ ವಾಸನೆ ಹೋಗಿಲ್ಲ. ಅಮ್ಮ ಒಳಗೆ ಬಿಟ್ಟುಕೊಳ್ಳಲಿಲ್ಲ, ಕಾಫಿ ಜಗಲಿಗೇ ಬಂತು.

ಅಜ್ಜನ ಕಾಲದ ಬೂದು ಬಣ್ಣದ ಫರ್ಗ್ಯುಸನ್ ಟ್ರಾಕ್ಟರ್ ಇದೆಯಲ್ಲ, ಅದರದ್ದೇ ಕಥೆ. ಟಿಇಎ 20, ಪೆಟ್ರೋಲ್ ಎಂಜಿನ್. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಈ ಸರಣಿಯವು ಐದು ಲಕ್ಷಕ್ಕೂ ಜಾಸ್ತಿ ತಯಾರಾದವಂತೆ. ಅದರಲ್ಲೊಂದು ಹಡಗು ಹತ್ತಿ ಬಂದು ನಮ್ಮ ಕೊಟ್ಟಿಗೆ ಸೇರಿದೆ. ಇದನ್ನು ಸ್ಟಾರ್ಟ್ ಮಾಡೋದೇ ಒಂದು ಚೆಂದ. ಗೇರ್ ಲಿವರನ್ನೇ ‘ಎಸ್’ ಗುರುತಿಗೆ ತಳ್ಳಬೇಕು, ಆಗ ಸೆಲ್ಫ್ ತಿರುಗುತ್ತದೆ. ಅಂದರೆ ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗಿ ಮೈಮೇಲೆ ಬರುವ ಪ್ರಶ್ನೆಯೇ ಇಲ್ಲ.

ಮಳೆಗಾಲಕ್ಕೆ ಮೊದಲು ಪೆಟ್ರೋಲ್ ಖಾಲಿ ಮಾಡದೆ ಬಿಟ್ಟಿದ್ದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ನಮ್ಮದೋ ಉಪ್ಪಿನ ಭರಣಿಯಲ್ಲೇ ನೀರು ನಿಲ್ಲುವ ಊರು. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಬಿಚ್ಚಿದರೆ, ಅದರ ಬಟ್ಟಲಿನ ತಳದಲ್ಲಿ ಜೋನಿಬೆಲ್ಲದ ಹಾಗೆ ಅಂಟು!

ಟ್ರಾಕ್ಟರ್ ಮೆಕ್ಯಾನಿಕ್ಕುಗಳಿಗೆ ಡೀಸೆಲ್ ಪಂಪು, ನಾಝಲ್ ಗೊತ್ತು. ಕಾರ್ಬ್ಯುರೇಟರ್ ತೋರಿಸಿದರೆ ಬೈಕಿನವರ ಕಡೆ ಕೈ ತೋರಿಸುತ್ತಾರೆ. 2020ರಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಬೈಕುಗಳಲ್ಲೂ ಕಾರ್ಬ್ಯುರೇಟರ್ ಬದಲು ಹೆಚ್ಚಾಗಿ ಇಂಜೆಕ್ಷನ್ನೇ. ಪೇಟೆಯಲ್ಲಿ ಹಳೇ ಬುಲೆಟ್ ರಿಪೇರಿ ಮಾಡುವ ಮೇಸ್ತ್ರಿ ಒಬ್ಬರು ಸಿಕ್ಕಿದ್ದು ಪುಣ್ಯ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟಿಗೆ ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಮುಗೀತು, ಗಾಳದ ನೈಲಾನ್ ದಾರ ತಗೊಳ್ಳಿ ಅಂತ ಅವರೇ ಹೇಳಿಕೊಟ್ಟಿದ್ದು. ಹಾಗೇ ಮಾಡಿದೆ. ಫ್ಲೋಟಿನ ಸೂಜಿ ಹೊಸದು ಹಾಕಿದೆ. ನಿನ್ನೆ ರಾತ್ರಿ ಎಲ್ಲ ಜೋಡಿಸಿಯೂ ಆಯ್ತು.

ಬೆಳಿಗ್ಗೆ ಎರಡನೇ ಸಲಕ್ಕೇ ಸ್ಟಾರ್ಟ್ ಆಯ್ತು. ಆದರೆ ಗಾಳಿ ಕಡಿಮೆ ಮಾಡುವ ಚೋಕ್ ಅರ್ಧ ಎಳೆದಿದ್ದರೆ ಮಾತ್ರ ಓಡುತ್ತದೆ, ಬಿಟ್ಟರೆ ಎರಡು ಸಲ ಕೆಮ್ಮಿ ಬಂದ್. ಗಾಳಿ-ಪೆಟ್ರೋಲಿನ ಹದ ತಿದ್ದುವ ಮಿಕ್ಸ್ಚರ್ ಸ್ಕ್ರೂ ಪೂರ್ತಿ ಒಳಗೆ ಹಾಕಿದೆ, ಪೂರ್ತಿ ಹೊರಗೆ ತೆಗೆದೆ, ಏನೂ ವ್ಯತ್ಯಾಸ ಇಲ್ಲ. ಜೆಟ್ ಇನ್ನೂ ಕಟ್ಟಿದೆ ಅಂದುಕೊಂಡು ಮತ್ತೆ ಬಿಚ್ಚಿದೆ, ಊದಿದೆ, ಹಾಕಿದೆ. ಹನ್ನೊಂದೂವರೆ ಆಯ್ತು. ಮತ್ತೆ ಅದೇ ಕೆಮ್ಮು.

ಮೇಸ್ತ್ರಿಗೆ ಫೋನ್ ಮಾಡಿದೆ.

“ಭಟ್ರೇ, ಸ್ಕ್ರೂ ತಿರುಗಿಸಿದ್ರೆ ಸೌಂಡ್ ಬದಲಾಗತ್ತಾ?”

“ಇಲ್ಲ ಮೇಸ್ತ್ರಿ, ಒಂಚೂರೂ ಇಲ್ಲ.”

“ಹಂಗಾದ್ರೆ ಸ್ಕ್ರೂ ಬಿಟ್ಬಿಡಿ. ಎಲ್ಲಿಂದಲೋ ಕಳ್ಳಗಾಳಿ ಕುಡೀತಾ ಇದೆ.”

ಗಾಳಿ ಎಲ್ಲಿಂದ ನುಗ್ಗುತ್ತದೋ ಅಲ್ಲಿ ಆಯಿಲ್ ಹನಿಯೂ ಒಳಗೆ ಹೋಗಬೇಕಲ್ಲ ಅಂತ ಆಯಿಲ್ ಕ್ಯಾನ್ ತಂದೆ. ಇಲ್ಲಿ ಪೆಟ್ರೋಲ್ ಹಾಕಿ ನೋಡುವ ಧೈರ್ಯ ಬೇಡ, ಪಕ್ಕದಲ್ಲೇ ಕಾದ ಎಗ್ಸಾಸ್ಟ್. ಈ ಜೆನಿತ್ ಕಾರ್ಬ್ಯುರೇಟರ್, ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್ ಕೊಳವೆಯ ಕೆಳಗೆ ನೇತಾಡುತ್ತದೆ, ಗಾಳಿ ಕೆಳಗಿಂದ ಮೇಲಕ್ಕೆ ಹೋಗುತ್ತದೆ. ಎರಡೂ ಸೇರುವ ಜಾಗಕ್ಕೆ ಬಗ್ಗಿ ನಾಲ್ಕು ಹನಿ ಬಿಟ್ಟೆ. ಆಯಿಲ್ ಸುರ್ರೆಂದು ಒಳಗೆ ಹೋಯ್ತು. ಎಂಜಿನ್ ಒಂದು ಕ್ಷಣ ಸರಾಗ ಓಡಿತು, ಮತ್ತೆ ಕುಂಟಿತು.

ಅಲ್ಲಿಗೆ ನನ್ನ ಜಿಪುಣತನ ಸಿಕ್ಕಿಬಿತ್ತು. ನಿನ್ನೆ ಆ ಸಂದಿಯಲ್ಲಿ ಗಾಳಿ ನುಗ್ಗದಂತೆ ನಡುವೆ ಇಡುವ ಗ್ಯಾಸ್ಕೆಟ್ ಅಂತ ಹಾಕಿದ್ದು ಮೇಜಿನ ಮೇಲಿದ್ದ ಒಂದು ಮದುವೆ ಕಾಗದ. ದಪ್ಪಗೆ, ಲಕ್ಷಣವಾಗಿತ್ತು. ಈಗ ಪೆಟ್ರೋಲ್ ಕುಡಿದು ಸುಕ್ಕಾಗಿ, ಬೋಲ್ಟಿನ ಹತ್ತಿರ ಸೀಳಿತ್ತು. ಅಟ್ಟ ಹತ್ತಿದರೆ ಪಂಪ್‌ಸೆಟ್ಟಿಗೆ ತಂದು ಉಳಿದ ಗ್ಯಾಸ್ಕೆಟ್ ಶೀಟ್ ಅಲ್ಲೇ ಇದೆ! ಕಾರ್ಬ್ಯುರೇಟರ್ ಬಾಯಿಯ ಮೇಲೆ ಶೀಟ್ ಇಟ್ಟು, ಸುತ್ತಿಗೆಯ ಗುಂಡು ತುದಿಯಿಂದ ಅಂಚಿನುದ್ದಕ್ಕೂ ಟಕ್ ಟಕ್ ಅಂತ ತಟ್ಟಿದೆ. ಕತ್ತರಿಯೇ ಬೇಡ, ಲೋಹದ ಅಂಚೇ ಕತ್ತರಿಸಿ ಕೊಡುತ್ತದೆ.

ಆಮೇಲಿನದು ಸುಖ. ಎಂಜಿನ್ ಬಿಸಿಯಾಗಲು ಹದಿನೈದು ನಿಮಿಷ ಬಿಟ್ಟೆ. ಚೋಕ್ ಪೂರ್ತಿ ತೆಗೆದು, ಐಡ್ಲಿಂಗ್ (ನಿಂತಲ್ಲೇ ಓಡುವ ವೇಗ) ಸ್ವಲ್ಪ ಏರಿಸಿ, ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು, ಕಾಲು ಸುತ್ತು ತಿರುಗಿಸಿದೆ. ಒಂದು ಕಡೆಗೆ ಹೋದರೆ ಮಂಕಾಗಿ ಕಪ್ಪು ಹೊಗೆ, ಇನ್ನೊಂದು ಕಡೆಗೆ ಬಿಕ್ಕಳಿಕೆ. ನಡುವೆ ಒಂದು ಜಾಗದಲ್ಲಿ ನಾಲ್ಕೂ ಸಿಲಿಂಡರ್ ಒಂದೇ ಉಸಿರಿಗೆ ಓಡುತ್ತವೆ. ಅಲ್ಲಿ ನಿಲ್ಲಿಸಿ ಐಡ್ಲಿಂಗ್ ಇಳಿಸಿದೆ, ಮತ್ತೊಮ್ಮೆ ಅದೇ ಕೆಲಸ. ಟ್ರೈಲರಿಗೆ ಗೊಬ್ಬರ ತುಂಬಿ ತೋಟದ ಏರು ಹತ್ತಿಸಿ ಬಂದು ಪ್ಲಗ್ ಬಿಚ್ಚಿ ನೋಡಿದೆ. ಮೂರು ತಿಳಿ ಕಂದು, ಅಂದರೆ ಹದ ಸರಿಯಿದೆ. ಒಂದು ಮಾತ್ರ ಕಪ್ಪು. ಆ ಒಂದು ಬಹುಶಃ ಪ್ಲಗ್ಗಿನ ತಕರಾರು. ನಾಳೆ ಬದಲಿಸಿದರಾಯ್ತು.

ಸಂಜೆ ಅಮ್ಮ ಜಗಲಿಗೆ ಬಂದು, “ಮೇಜಿನ ಮೇಲೆ ಮದುವೆ ಕಾಗದ ಇತ್ತಲ್ಲೋ, ಗುರುವಾರದ್ದು. ಮುಹೂರ್ತ ಎಷ್ಟೊತ್ತಿಗೆ ನೋಡು” ಅಂದರು.

ಕಸದಿಂದ ಹೆಕ್ಕಿ ದೀಪದ ಬೆಳಕಿಗೆ ಹಿಡಿದೆ. ‘ಸುಮುಹೂರ್ತ’ ಅನ್ನುವವರೆಗೆ ಸರಿಯಾಗಿ ಓದಬಹುದು. ಗಂಟೆ ಇದ್ದ ಜಾಗದಲ್ಲಿ ಬೋಲ್ಟಿನ ತೂತಿದೆ.