ಅತ್ತೆ ಬೈಯದೆ ಮಲ್ಲಮ್ಮ ಹಾಡುವುದು ಹೇಗೆ?

ಕಳೆದ ಭಾನುವಾರ ಬಾಗಲಕೋಟೆಯಲ್ಲಿ ನಡೆದ ರಂಗಗೀತೆಗಳ ಕಾರ್ಯಕ್ರಮವೊಂದರಲ್ಲಿ ಕಿವಿಗೆ ಬಿದ್ದ ಮಾತು ಈ ವಾರವಿಡೀ ನನ್ನನ್ನು ಬಿಟ್ಟಿಲ್ಲ. ವೃತ್ತಿ ನಾಟಕ ಕಂಪನಿಗಳಲ್ಲಿ ಆಯುಷ್ಯದ ಬಹುಪಾಲನ್ನು ಕಳೆದು, ಈಗ ಎಪ್ಪತ್ತು ದಾಟಿರುವ ಹಿರಿಯ ನಟಿಯೊಬ್ಬರನ್ನು ಸಂಘಟಕರು ಸನ್ಮಾನಕ್ಕೆ ಕರೆಸಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಮುಗಿದು, ಗಣ್ಯರ ಭಾಷಣಗಳೂ ಮುಗಿದ ಮೇಲೆ, ಅಮ್ಮನವರು ‘ಹೇಮರೆಡ್ಡಿ ಮಲ್ಲಮ್ಮ’ ನಾಟಕದ ಒಂದು ಹಾಡು ಹಾಡುತ್ತಾರೆ ಎಂದು ನಿರೂಪಕರು ಘೋಷಿಸಿದರು. ಗಂಡನ ಮನೆಯ ಕಾಟವನ್ನು ಸಹಿಸುತ್ತ ಶ್ರೀಶೈಲದ ಮಲ್ಲಯ್ಯನನ್ನು ನೆನೆದ ಶಿವಶರಣೆಯ ಕಥೆ ಅದು. ಅವರು ಎದ್ದು ನಿಂತರು, ಹೊದಿಸಿದ್ದ ಶಾಲನ್ನು ಮಡಿಚಿ ಕುರ್ಚಿಯ ಮೇಲಿಟ್ಟು ಸೆರಗನ್ನು ಸೊಂಟಕ್ಕೆ ಸಿಗಿಸಿದರು, ಕೈಗೆ ಕೊಟ್ಟ ಮೈಕನ್ನು ಎದೆಯಿಂದಲೂ ಕೆಳಗೆ ಹಿಡಿದು, ಬಲಗಡೆಗೆ ತಿರುಗಿ, ಗಡಸು ದನಿಯಲ್ಲಿ ಮಾತು ಆರಂಭಿಸಿದರು. ಅದು ಕೃತಜ್ಞತೆಯ ಭಾಷಣವಲ್ಲ, ಮಲ್ಲಮ್ಮನ ಅತ್ತೆಯ ಮಾತು ಎಂಬುದು ಸಭೆಗೆ ತಿಳಿಯುವಷ್ಟರಲ್ಲಿ ನಿರೂಪಕರು ಹತ್ತಿರ ಬಂದು, “ಅಮ್ಮ, ಮಾತು ಬೇಡ, ಸಮಯ ಇಲ್ಲ, ನೇರವಾಗಿ ಹಾಡಿಗೆ ಬಂದುಬಿಡಿ” ಎಂದರು.

“ಅತ್ತಿ ಇನ್ನೂ ಬೈದಿಲ್ಲಲ್ಲೋ ತಮ್ಮಾ, ಮಲ್ಲಮ್ಮ ಹೆಂಗ ಹಾಡ್ತಾಳ?”

ಸಭೆ ನಕ್ಕಿತು. ಮೈಕು ಕೆಳಗಿದ್ದರೂ ಮಾತು ಹಿಂದಿನ ಸಾಲಿನವರೆಗೆ ಕೇಳಿಸಿತ್ತು. ನಿರೂಪಕರೂ ನಕ್ಕು, ಅಮ್ಮನವರ ಹಾಸ್ಯಪ್ರಜ್ಞೆ ಇಂದಿಗೂ ಹಾಗೆಯೇ ಇದೆ ಎಂದು ಮೆಚ್ಚಿಕೊಂಡರು. ನಾನು ಮೂರನೆಯ ಸಾಲಿನಲ್ಲಿದ್ದೆ. ಅವರ ಮುಖ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದರಲ್ಲಿ ಹಾಸ್ಯದ ಸುಳಿವೇ ಇರಲಿಲ್ಲ. ಕೆಲಸಗಾರರೊಬ್ಬರು ತಮ್ಮ ಕೆಲಸಕ್ಕೆ ಬೇಕಾದ ಸಾಮಾನು ಎಲ್ಲಿ ಎಂದು ಕೇಳುವಾಗ ಇರುವ ಮುಖ ಅದು. ಸಭೆ ನಗುತ್ತಿದ್ದಷ್ಟು ಹೊತ್ತೂ ಅವರು ಉತ್ತರಕ್ಕಾಗಿ ನಿರೂಪಕರನ್ನೇ ನೋಡುತ್ತಿದ್ದರು.

ಆಮೇಲೆ ನಡೆದದ್ದನ್ನು ಬಹಳ ಜನ ಗಮನಿಸಿರಲಿಕ್ಕಿಲ್ಲ. ಅವರು ಮತ್ತೆ ಬಲಗಡೆಗೆ ತಿರುಗಿ ಸುಮ್ಮನೆ ನಿಂತರು, ಆದರೆ ತುಟಿಗಳು ಅಲುಗಾಡುತ್ತಿದ್ದವು. ಅತ್ತೆಯ ಬೈಗುಳವನ್ನು ಅವರು ಸದ್ದಿಲ್ಲದೆ ಪೂರ್ತಿಯಾಗಿ ಹೇಳಿಕೊಳ್ಳುತ್ತಿದ್ದರು. ನಡುವೆ ಒಂದು ಕಡೆ ಹುಬ್ಬು ಮೇಲೇರಿತು, ಇನ್ನೊಂದು ಕಡೆ ಬೆರಳು ಎದುರಿಗೆ ಚಾಚಿತು. ಬಳಿಕ ಅದೇ ಜಾಗದಲ್ಲಿ ಅರ್ಧ ಸುತ್ತು ತಿರುಗಿದರು, ಹೆಗಲು ಇಳಿಯಿತು, ಕುತ್ತಿಗೆ ಬಾಗಿತು, ಈಗ ಅವರು ಸೊಸೆ. ಕೀಬೋರ್ಡಿನ ಮುಂದೆ ಕುಳಿತಿದ್ದ ಹುಡುಗನಿಗೆ ಹೆಚ್ಚೆಂದರೆ ಇಪ್ಪತ್ತೆರಡು ವರ್ಷವಿರಬಹುದು. ಮುನ್ನುಡಿಯ ಸಂಗೀತವನ್ನು ಆಗಲೇ ಆರಂಭಿಸಿದ್ದ ಆತ, ಅವರ ತುಟಿಗಳನ್ನು ನೋಡಿ ಅದನ್ನು ಅಲ್ಲಿಗೇ ನಿಲ್ಲಿಸಿ, ಆಧಾರ ಸ್ವರವಾದ ಷಡ್ಜವನ್ನಷ್ಟೇ ಹಿಡಿದುಕೊಂಡು ಕಾದ. ಆ ಸಭಾಭವನದಲ್ಲಿ ಅವರ ಪ್ರಶ್ನೆಗೆ ಉತ್ತರ ಕೊಟ್ಟವನು ಅವನೊಬ್ಬನೇ. ಸನ್ಮಾನದ ಶಾಲಿಗಿಂತ ಆ ಕಾಯುವಿಕೆಯಲ್ಲಿ ಹೆಚ್ಚು ಗೌರವವಿತ್ತು ಎಂದು ನಾನು ಮನಸಾರೆ ನಂಬುತ್ತೇನೆ.

ಹಾಡು ಬಂದಾಗ, ಹಾರ್ಮೋನಿಯಂನ ಕಪ್ಪು ನಾಲ್ಕರ ಎತ್ತರದ ಶ್ರುತಿಯಲ್ಲಿ, ಆ ವಯಸ್ಸಿನಲ್ಲಿ, ಮಲ್ಲಯ್ಯನನ್ನು ಕೂಗುವ ತಾರಸ್ಥಾಯಿಯ ಸ್ವರ ಒಂದಿಷ್ಟೂ ನಡುಗಲಿಲ್ಲ. ಇಂಥ ಕಂಠಗಳು ಎಲ್ಲಿ ತಯಾರಾದವು ಎಂಬುದನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಧ್ವನಿವರ್ಧಕ ಇಲ್ಲದ ಕಾಲದಲ್ಲಿ, ತಗಡಿನ ಥೇಟರಿನ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಮಾತು ಮತ್ತು ಹಾಡು ಎರಡೂ ತಲುಪಬೇಕಾಗಿತ್ತು. ಅದಕ್ಕಾಗಿಯೇ ಕಾಲಪೇಟಿ ಎಂಬ ಹಾರ್ಮೋನಿಯಂ ಬಂತು. ಮಾಸ್ತರರು ಕಾಲಿನಿಂದ ತಿದಿ ಒತ್ತುತ್ತ, ಎರಡೂ ಕೈಗಳಿಂದ ನುಡಿಸುತ್ತ ಇಡೀ ಥೇಟರನ್ನು ತುಂಬುತ್ತಿದ್ದರು. ಆ ನಾದದ ಮೇಲೆ ಏರಿ ನಿಲ್ಲಬೇಕಾದ ಗಾಯಕ ನಟರು ಎತ್ತರದ ಶ್ರುತಿಯಲ್ಲಿ, ಬಾಯ್ತುಂಬ, ಅಕ್ಷರ ಅಕ್ಷರ ಬಿಡಿಸಿ ಹಾಡುವುದನ್ನು ರೂಢಿಸಿಕೊಂಡರು. ಇವರು ಮೈಕನ್ನು ಕೆಳಗೆ ಹಿಡಿಯುವುದು ಆ ರೂಢಿಯಿಂದ. ಧ್ವನಿ ವ್ಯವಸ್ಥೆಯವರು ಎರಡು ಸಲ ಬಂದು ಅದನ್ನು ಬಾಯಿಯ ಹತ್ತಿರ ಹಿಡಿಯಲು ಹೇಳಿದರೂ ಅವರು ಹಾಗೆ ಮಾಡಲಿಲ್ಲ, ಮಾಡುವ ಅಗತ್ಯವೂ ಬೀಳಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅವರ ಬಳಿ ಹೋಗಿ ಕುಳಿತೆ. ಚೀಲದಿಂದ ಒಂದು ಸಣ್ಣ ಪುಸ್ತಕ ತೆಗೆದು ತೋರಿಸಿದರು. ಕಂಪನಿಗಳು ಆಟದ ಹೊತ್ತಿನಲ್ಲಿ ಥೇಟರಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ಅದು. ಕಾಗದ ಕಂದಿದೆ, ಬೆನ್ನಿಗೆ ದಾರದ ಹೊಲಿಗೆ ಬಿದ್ದಿದೆ. ಪ್ರತಿ ಹಾಡಿನ ನೆತ್ತಿಯ ಮೇಲೆ ರಾಗ, ತಾಳ, ಯಾವ ಹಾಡಿನ ಮಟ್ಟು ಎಂಬುದು ಅಚ್ಚಾಗಿದೆ: ಭೀಮಪಲಾಸ, ತ್ರಿತಾಳ, ಹೀಗೆ. ಆದರೆ ನನ್ನ ಕಣ್ಣು ನಿಂತದ್ದು ಅಚ್ಚಿನ ಮೇಲಲ್ಲ. ಪ್ರತಿಯೊಂದು ಹಾಡಿನ ಮೇಲಿನ ಖಾಲಿ ಜಾಗದಲ್ಲಿ, ನೀಲಿ ಶಾಯಿಯಲ್ಲಿ, ಆ ಹಾಡಿಗೆ ಮುಂಚೆ ಬರುವ ಕೊನೆಯ ಸಂಭಾಷಣೆಯನ್ನು ಅವರು ಬರೆದುಕೊಂಡಿದ್ದಾರೆ. ಅದರಲ್ಲಿ ಅವರ ಪಾತ್ರದ ಮಾತಿಲ್ಲ, ಎದುರು ಪಾತ್ರದ ಮಾತಿದೆ. ಅತ್ತೆಯ ಬೈಗುಳ, ಗಂಡನ ಅನುಮಾನ, ನೆಗೆಣ್ಣಿಯ ಚುಚ್ಚುನುಡಿ. ಪ್ರೇಕ್ಷಕರು ಮನೆಗೆ ಹೋಗಿ ಗುನುಗಿಕೊಳ್ಳಲೆಂದು ಅಚ್ಚಾದ ಪುಸ್ತಕಕ್ಕೆ ಹಾಡು ಸಾಕಾಗಿತ್ತು, ನಟಿಗೆ ಸಾಲದು. ಹಾಡಿಗೆ ಕಾರಣವಾದವರ ಮಾತು ಅವರಿಗೆ ಬೇಕಾಗಿತ್ತು.

ಅವರು ಬದುಕಿನ ಕಥೆಯನ್ನೇನೂ ಹೇಳಿಕೊಳ್ಳಲು ಕುಳಿತಿರಲಿಲ್ಲ, ಕೇಳಿದ್ದಕ್ಕೆ ಚಿಕ್ಕ ಚಿಕ್ಕ ಉತ್ತರ ಕೊಟ್ಟರು. ಬಾಲಕೃಷ್ಣ, ಲೋಹಿತಾಶ್ವನ ಪಾರ್ಟುಗಳಿಂದ ಹಿಡಿದು ನಾಯಕಿಯವರೆಗೆ, ನಾಯಕಿಯಿಂದ ತಾಯಿಯವರೆಗೆ, ಕೊನೆಗೆ ಅದೇ ನಾಟಕದ ಅತ್ತೆಯವರೆಗೆ. ಒಂದು ಕ್ಯಾಂಪಿನಿಂದ ಇನ್ನೊಂದು ಕ್ಯಾಂಪಿಗೆ ಲಾರಿಯಲ್ಲಿ ಸೀನರಿ, ಟ್ರಂಕು, ಮಕ್ಕಳು ಒಟ್ಟಿಗೇ ಹೋಗುತ್ತಿದ್ದವು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ ಬಂತೆಂದರೆ ಹಲವು ಕಂಪನಿಗಳು ಅಕ್ಕಪಕ್ಕದಲ್ಲೇ ಥೇಟರು ಹಾಕುತ್ತಿದ್ದವು, ಪಕ್ಕದ ಥೇಟರಿನ ಹಾಡು ಕೇಳಿಸಿಕೊಂಡೇ ತಮ್ಮ ಹಾಡು ಹಾಡಬೇಕಾಗುತ್ತಿತ್ತು. “ಶ್ರುತಿ ತಪ್ಪಿದರ ಆ ಕಂಪನಿ ಮಲ್ಲಮ್ಮ ಆಗಿಬಿಡ್ತಿದ್ವಿ” ಎಂದರು. ಇದಕ್ಕೆ ಮಾತ್ರ ಅವರು ನಕ್ಕರು.

ಮನೆಗೆ ಬಂದ ಮೇಲೆ, ಈ ಪ್ರದೇಶದ ರಂಗಭೂಮಿಯಲ್ಲಿ ಹಾಡುವವರ ಬದುಕು ಎಲ್ಲೆಲ್ಲಿಗೆ ಸಾಗಿತು ಎಂದು ಯೋಚಿಸುತ್ತ ಕುಳಿತೆ. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಆ ನಾಟಕದಲ್ಲಿ ಇನ್ನೂರರ ಆಸುಪಾಸು ಹಾಡುಗಳಿದ್ದವು. ಅದರ ಪ್ರಭಾವ ಗಡಿ ದಾಟಿ ಮರಳಿ ಬಂದಾಗ, ಗದಗ, ಹುಬ್ಬಳ್ಳಿ ಸೀಮೆಯ ಕಂಪನಿಗಳು ಮರಾಠಿ ಮಟ್ಟುಗಳಿಗೆ ಕನ್ನಡದ ಪದ ಕಟ್ಟಿ, ಹಿಂದುಸ್ತಾನಿ ರಾಗಗಳನ್ನು ರೈತರ ಕಿವಿಗೆ ತಲುಪಿಸಿದವು. ಶಾಸ್ತ್ರೀಯ ಸಂಗೀತದ ಕಛೇರಿಗೆ ಎಂದೂ ಕಾಲಿಡದ ಎಷ್ಟೋ ಹಳ್ಳಿಗರು ಭೈರವಿಯನ್ನು ಕೇಳಿ ಗುರುತಿಸುತ್ತಿದ್ದರೆಂದರೆ ಅದರ ಹಿಂದೆ ಕಂಪನಿಯ ಪೇಟಿ ಮಾಸ್ತರರ ಶ್ರಮವಿತ್ತು. ಗದಗಿನ ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ತಮ್ಮ ಆಶ್ರಮದ ಅಂಧ ವಿದ್ಯಾರ್ಥಿಗಳ ಅನ್ನಕ್ಕಾಗಿ ನಾಟಕ ಕಂಪನಿಯನ್ನೇ ನಡೆಸಿದರು ಎಂಬುದನ್ನು ನೆನೆದಾಗಲೆಲ್ಲ ನನ್ನ ಕಣ್ಣು ಒದ್ದೆಯಾಗುತ್ತದೆ.

ಈ ಕಂಪನಿಗಳಿಂದ ಹೊರಗೆ ಹೋದ ಕಂಠಗಳನ್ನು ನಾಡು ಚೆನ್ನಾಗಿ ಬಲ್ಲದು. ಹುಡುಗನಾಗಿ ನಾಟಕದಲ್ಲಿ ಹಾಡುತ್ತಿದ್ದ ಮಲ್ಲಿಕಾರ್ಜುನ ಮನ್ಸೂರರು ಜೈಪುರ-ಅತ್ರೌಲಿ ಘರಾಣೆಯ ಮೇರುವಾದರು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ದಕ್ಷಿಣದಲ್ಲಿ ಗುಬ್ಬಿ ಕಂಪನಿಯ ಗರಡಿಯಲ್ಲಿ ಪಳಗಿದ ರಾಜ್‌ಕುಮಾರ್ ಅವರ ವಿಷಯವನ್ನು ಹೇಳಬೇಕಾಗಿಯೇ ಇಲ್ಲ. ಅವರೆಲ್ಲರ ದನಿ ಗ್ರಾಮಫೋನ್ ತಟ್ಟೆಗಳಲ್ಲಿ, ಆಕಾಶವಾಣಿಯ ಭಂಡಾರದಲ್ಲಿ, ಚಲನಚಿತ್ರಗಳಲ್ಲಿ ಉಳಿದಿದೆ. ಕಂಪನಿಯಲ್ಲೇ ಉಳಿದವರಲ್ಲಿ ನಮಗೆ ಹೆಸರು ಹಿಡಿದು ಹೇಳಲು ಬರುವುದು ಕೆಲವರನ್ನು ಮಾತ್ರ. ಬೆಂಗಳೂರಿನಲ್ಲಿ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸನಂಥ ಪಾತ್ರಗಳನ್ನು ತಾವೇ ಮಾಡಿ, ಎಲ್ಲ ಪಾತ್ರಗಳನ್ನೂ ಹೆಣ್ಣುಮಕ್ಕಳಿಂದಲೇ ಆಡಿಸಿದ ಆರ್. ನಾಗರತ್ನಮ್ಮನವರು ಅಂಥವರು. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು ಇನ್ನೊಬ್ಬರು.

ಬಾಳಪ್ಪನವರ ಬದುಕನ್ನು ನಾನು ಆ ಅಮ್ಮನ ಪ್ರಶ್ನೆಯ ಬೆಳಕಿನಲ್ಲಿ ಈ ವಾರ ಮತ್ತೆ ನೋಡಿದೆ. ಸ್ತ್ರೀ ಪಾತ್ರಗಳಿಂದ ಆರಂಭಿಸಿ, ನಾಯಕ ನಟರಾಗಿ, ತಮ್ಮದೇ ಕಲಾವೈಭವ ನಾಟ್ಯ ಸಂಘದ ಮಾಲೀಕರಾಗಿ, ‘ಜಗಜ್ಯೋತಿ ಬಸವೇಶ್ವರ’ ನಾಟಕದ ಬಸವಣ್ಣನಾಗಿ ಅವರು ಹೆಸರಾದರು. ಅವರು ವಚನ ಹಾಡಿದರೆ ಜನ ರಂಗದ ಮೇಲಿರುವುದು ನಟ ಎಂಬುದನ್ನು ಮರೆಯುತ್ತಿದ್ದರು ಎಂದು ಹಿರಿಯರು ಹೇಳುವುದನ್ನು ನಾನು ಕೇಳಿದ್ದೇನೆ. ವಚನಗಳನ್ನು ಅವರಿಗಿಂತ ಹೆಚ್ಚು ಶಾಸ್ತ್ರಬದ್ಧವಾಗಿ ಹಾಡಿದವರು ಇದ್ದಾರೆ, ಮನ್ಸೂರರೇ ಇದ್ದಾರೆ. ಆದರೆ ನಾಟಕದಲ್ಲಿ ವಚನ ಬರುವುದು ಬಿಜ್ಜಳನ ಆಸ್ಥಾನದಲ್ಲಿ, ಯಾರೋ ಬಸವಣ್ಣನನ್ನು ಪ್ರಶ್ನಿಸಿದ ಮೇಲೆ. ಆಗ ಅದು ಉತ್ತರ. 2017ರಲ್ಲಿ, ನೂರಾ ಮೂರನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ, ಅವರು ಹಾಡಿದ ಹಾಡುಗಳ ಬಗ್ಗೆ ಬಹಳ ಬರಹಗಳು ಬಂದವು. ಅವರೆದುರು ನಿಂತು ಪ್ರಶ್ನೆ ಕೇಳಿದ ಬಿಜ್ಜಳನ, ಬಸವಣ್ಣನ ವಿರೋಧಿ ಕೊಂಡೆಯ ಮಂಚಣ್ಣನ ಪಾರ್ಟು ಮಾಡಿದವರು ಯಾರ್ಯಾರು ಎಂದು ಬರೆದವರು ನನಗೆ ಕಾಣಲಿಲ್ಲ.

ಅತ್ತಿ ಇನ್ನೂ ಬೈದಿಲ್ಲ. ಈ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡಷ್ಟೂ ನಾವು ‘ರಂಗಗೀತೆ’ ಎಂದು ಪ್ರೀತಿಯಿಂದ ಕಾಪಾಡುತ್ತಿರುವುದರಲ್ಲಿ ಏನು ಬಿಟ್ಟುಹೋಗುತ್ತಿದೆ ಎಂಬುದು ನನಗೆ ಸ್ಪಷ್ಟವಾಗುತ್ತ ಹೋಯಿತು. ಆ ನಿರೂಪಕರನ್ನು ನಾನು ದೂರುವುದಿಲ್ಲ. ಅವರು ಈ ಹಾಡುಗಳನ್ನು ನಿಜವಾಗಿಯೂ ಪ್ರೀತಿಸುವವರು. ಸಂಘಟಕರು ಕೈಗೆ ಕೊಟ್ಟ ಪಟ್ಟಿಯಲ್ಲಿ ಇನ್ನೂ ಅನೇಕ ಹೆಸರುಗಳಿದ್ದವು. ಆದರೂ ಭಾಷಣಗಳಿಗೆ ಸಿಕ್ಕ ಸಮಯ ಆ ಬೈಗುಳಕ್ಕೆ ಸಿಗಬೇಕಾಗಿತ್ತು ಎಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಒಂದೂವರೆ ನಿಮಿಷದ ಮಾತು ಅದು. ಅದನ್ನು ಕೇಳಿದ್ದರೆ, ಮೊದಲ ಸಾಲಿನಲ್ಲಿ ಮೊಬೈಲು ನೋಡುತ್ತಿದ್ದ ಹೆಣ್ಣುಮಕ್ಕಳು ಹಾಡು ಬರುವ ಹೊತ್ತಿಗೆ ತಲೆ ಎತ್ತಿರುತ್ತಿದ್ದರು. ಗಂಡನ ಮನೆಯ ಅನ್ನದ ಜೊತೆ ಮಾತನ್ನೂ ನುಂಗಿದ ಹೆಂಗಸರು ಈ ನಾಟಕವನ್ನು ದಶಕಗಳ ಕಾಲ ಯಾಕೆ ನೋಡಿದರು ಎಂಬುದು ಅವರಿಗೆ ವಿವರಣೆ ಇಲ್ಲದೆಯೇ ತಿಳಿದಿರುತ್ತಿತ್ತು. ಬರೀ ಹಾಡು ಕೇಳಿದವರು ಕಂಠ ಚೆನ್ನಾಗಿದೆ ಎಂದು ಚಪ್ಪಾಳೆ ತಟ್ಟಿದರು.

ಕಂಠವನ್ನು ಮಾತ್ರ ಮೆಚ್ಚುವುದರಿಂದ ಕಲಾವಿದರಿಗೂ ಒಂದು ನಷ್ಟವಿದೆ. ಅವರ ವೃತ್ತಿಯನ್ನು ಹಾಡುಗಾರಿಕೆ ಎಂದು ಅಳೆದಾಗ ಅವರು ಶಾಸ್ತ್ರೀಯ ಗಾಯಕರಿಗಿಂತ ಕಡಿಮೆಯವರಾಗಿ ಕಾಣುತ್ತಾರೆ, ಅಭಿನಯ ಎಂದು ಅಳೆದಾಗ ಹವ್ಯಾಸಿ ರಂಗದವರಿಗಿಂತ ಹಳಬರಾಗಿ ಕಾಣುತ್ತಾರೆ. ಬೈಸಿಕೊಂಡು ಹಾಡುವ, ಹಾಡುತ್ತಲೇ ಅಳುವ, ಅತ್ತರೂ ತಾಳ ಬಿಡದ, ‘ಒನ್ಸ್ ಮೋರ್’ ಎಂದು ಜನ ಕೂಗಿದಾಗ ಅದೇ ದುಃಖವನ್ನು ಮೊದಲಿನಿಂದ ಮತ್ತೆ ತಂದುಕೊಳ್ಳುವ ವಿದ್ಯೆಯನ್ನು ಅಳೆಯಲು ನಾವು ಕೋಲನ್ನೇ ಮಾಡಿಕೊಂಡಿಲ್ಲ. ಮಾಸಾಶನದ ಅರ್ಜಿಯಲ್ಲಿ ಕಲಾಪ್ರಕಾರದ ಹೆಸರು ಬರೆಯುವಲ್ಲಿ ಸಂಗೀತ ಎಂದು ಬರೆಯಬೇಕೋ ನಾಟಕ ಎಂದು ಬರೆಯಬೇಕೋ ಎಂದು ತಮಗೆ ತಿಳಿಯಲಿಲ್ಲ ಎಂದು ಆ ಅಮ್ಮ ಹೇಳಿದರು. ಕೊನೆಗೆ ನಾಟಕ ಎಂದು ಬರೆಸಿದರಂತೆ.

ಅವರ ಪುಸ್ತಕದಲ್ಲಿರುವ ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳಬೇಕೆಂದು ಮೊನ್ನೆ ಫೋನು ಮಾಡಿ ಕೇಳಿದೆ. ಒಪ್ಪಿದರು, ಆದರೆ ಒಬ್ಬರೇ ಹಾಡಲು ಒಪ್ಪಲಿಲ್ಲ. ಗುಳೇದಗುಡ್ಡದಲ್ಲಿ ಅವರ ಗೆಳತಿಯೊಬ್ಬರಿದ್ದಾರೆ, ಬಹಳ ವರ್ಷ ಅವರೆದುರು ಅತ್ತೆಯ ಪಾರ್ಟು ಮಾಡಿದವರು, ಅವರನ್ನು ಕರೆತರಬೇಕು. ಅವರಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾಗುವುದಿಲ್ಲ, ಆದ್ದರಿಂದ ಕೆಳಗಿನ ಮನೆಯೇ ಆಗಬೇಕು. ಕಾಲಪೇಟಿ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ “ಆ ಕೀಬೋರ್ಡಿನ ಹುಡುಗಗ ಹೇಳ್ರಿ, ಅವಗ ಕಾಯೋದು ಗೊತ್ತೈತಿ” ಎಂದರು. ಆ ಹುಡುಗ ಬರುತ್ತೇನೆಂದಿದ್ದಾನೆ. ಗುಳೇದಗುಡ್ಡದ ಅಮ್ಮನಿಗೂ ಫೋನು ಮಾಡಿದೆ. ಬೈಗುಳ ಇನ್ನೂ ನೆನಪಿದೆಯೇ ಎಂದು ನಾನು ಕೇಳುವ ಮೊದಲೇ ಅವರು ಫೋನಿನಲ್ಲಿಯೇ ಬೈಯಲು ಆರಂಭಿಸಿದರು.