ಪೊರಕೆಗೆ ಹಡಗಿನಲ್ಲಿ ಜಾಗವಿಲ್ಲ

ಪ್ಯಾಕಿಂಗ್ ಹುಡುಗರು ಬೆಳಗ್ಗೆ ಒಂಬತ್ತಕ್ಕೆ ಬಂದರೆ ಎರಡು ಬೆಡ್‌ರೂಮಿನ ಮನೆ ಸಂಜೆ ಐದರೊಳಗೆ ಖಾಲಿ. ನಾಲ್ಕು ಜನ, ಟೇಪಿನ ಸುರುಳಿಗಳು, ಬಬಲ್ ಶೀಟು, ಮಡಚಿಟ್ಟ ರಟ್ಟಿನ ಪೆಟ್ಟಿಗೆಗಳ ಒಂದು ಅಟ್ಟಿ. ಅವರ ಕೈ ಎಷ್ಟು ಚುರುಕೆಂದರೆ, ಕಸದ ಬುಟ್ಟಿಯನ್ನು ಮೊದಲೇ ಎತ್ತಿಡದಿದ್ದರೆ ಅದನ್ನೂ ಕಸದ ಸಮೇತ ಸುತ್ತಿ ನಂಬರು ಬರೆದುಬಿಡುತ್ತಾರೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಸಾಮಾನಾದರೆ ನಕ್ಕು ಸುಮ್ಮನಾಗಬಹುದು. ಮೆಲ್ಬರ್ನಿಗೆ ಹೋಗುವುದಾದರೆ ಆ ಬುಟ್ಟಿಯೊಂದೇ ಇಡೀ ಸಾಮಾನನ್ನು ವಾರಗಟ್ಟಲೆ ನಿಲ್ಲಿಸಬಲ್ಲದು.

ಮನೆ ಸಾಗಿಸುವವರು ಮೊದಲು ಕೇಳುವುದು ತೆರಿಗೆಯ ವಿಚಾರ. ಅದು ಸುಲಭದ ಭಾಗ. ವಲಸೆ ಹೋಗುವವರು ಅಥವಾ ವಾಪಸಾಗುವ ನಿವಾಸಿಗಳು ಹೊರದೇಶದಲ್ಲಿ ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಸ್ವಂತಕ್ಕಿಟ್ಟುಕೊಂಡು ಬಳಸಿದ ಮನೆ ಸಾಮಾನಿಗೆ ಆಸ್ಟ್ರೇಲಿಯಾದಲ್ಲಿ ಸುಂಕವಿಲ್ಲ, ಜಿಎಸ್‌ಟಿಯೂ ಇಲ್ಲ. ವರ್ಷ ತುಂಬದ ವಸ್ತುವಿಗೆ ಲೆಕ್ಕ ಬೇರೆ: ಸುಂಕ ಅನ್ವಯಿಸಿದರೆ ಸಾಮಾನ್ಯವಾಗಿ ಶೇ. 5; ಆಮೇಲೆ ವಸ್ತುವಿನ ಬೆಲೆ, ಸುಂಕ, ಸಾಗಣೆ, ವಿಮೆ ಎಲ್ಲ ಕೂಡಿಸಿ ಅದರ ಮೇಲೆ ಶೇ. 10 ಜಿಎಸ್‌ಟಿ. ಹೊರಡುವ ಮುಂಚಿನ ತಿಂಗಳು ‘ಇಲ್ಲಿ ಅಗ್ಗ’ ಎಂದು ಟಿವಿ, ಫ್ರಿಜ್ ಕೊಳ್ಳುವವರು ಈ ಲೆಕ್ಕ ಹಾಕಿರುವುದಿಲ್ಲ. ಕಾರು, ಬೈಕು, ಮದ್ಯ, ತಂಬಾಕು ಈ ರಿಯಾಯಿತಿಯೊಳಗೆ ಬರುವುದೇ ಇಲ್ಲ. ಮಾರಾಟಕ್ಕೆಂದು ಒಯ್ಯುವ ಸೀರೆಗಳೂ ಬರುವುದಿಲ್ಲ. ಒಂದೇ ನಮೂನೆಯ ಇಪ್ಪತ್ತು ಸೀರೆ ಕವರಿನಿಂದ ತೆಗೆಯದೆ ಇದ್ದರೆ ಅದು ‘ಸ್ವಂತ ಬಳಕೆ’ ಎಂದು ಯಾರನ್ನೂ ನಂಬಿಸಲಾಗದು.

ಇದಕ್ಕೆ ತುಂಬಬೇಕಾದದ್ದು ಬಿ534 ಎಂಬ ಒಂದು ಹೇಳಿಕೆ ಪತ್ರ. ಜೊತೆಗೆ ಪಾಸ್‌ಪೋರ್ಟ್ ಪ್ರತಿ, ವೀಸಾ ವಿವರ, ಪೆಟ್ಟಿಗೆಗಳ ಪಟ್ಟಿ. ಮಾಲೀಕರು ಸಾಮಾನಿಗಿಂತ ಮೊದಲು ಅಲ್ಲಿ ಇಳಿದಿರುವುದು ಕ್ಷೇಮ. ಹಡಗು ಮೊದಲು ಮುಟ್ಟಿ ಮನೆಯವರು ಇನ್ನೂ ಬಸವನಗುಡಿಯಲ್ಲೇ ಇದ್ದರೆ ಗೋದಾಮಿನ ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತದೆ.

ನಿಜವಾದ ಕಷ್ಟವೆಲ್ಲ ಮಣ್ಣು, ಬೀಜ, ಹುಳು ಈ ಮೂರರದ್ದು. ಆಸ್ಟ್ರೇಲಿಯಾದಲ್ಲಿ ಕಸ್ಟಮ್ಸ್ ಒಂದು ಇಲಾಖೆ, ಬಯೋಸೆಕ್ಯುರಿಟಿ, ಅಂದರೆ ಹೊರಗಿನ ಹುಳು, ರೋಗ, ಕಳೆ ಒಳಬರದಂತೆ ತಡೆಯುವ ಕೆಲಸ, ನೋಡುವ ಕೃಷಿ ಇಲಾಖೆ ಇನ್ನೊಂದು. ಮೊದಲನೆಯದು ಕಾಗದ ನೋಡುತ್ತದೆ, ಎರಡನೆಯದು ಪೆಟ್ಟಿಗೆ ಬಿಚ್ಚುತ್ತದೆ. ಅದಕ್ಕೆ ಕಾರಣವಿದೆ. ಖಾಪ್ರಾ ಎಂಬ ಧಾನ್ಯದ ಹುಳು ನಮ್ಮ ಉಪಖಂಡದ್ದೇ. ಎರಡು ಮೂರು ಮಿಲಿಮೀಟರ್ ಉದ್ದ, ಕಂದು ಬಣ್ಣ. ಅದರ ಮರಿ ಕಾಳಿಲ್ಲದ ಬಿರುಕಿನಲ್ಲಿ ವರ್ಷಗಟ್ಟಲೆ ಉಪವಾಸ ಮಲಗಿದ್ದು, ಅನ್ನ ಸಿಕ್ಕಾಗ ಎದ್ದು ಹೆಚ್ಚುತ್ತದೆ. 2007ರಲ್ಲಿ ಪರ್ತ್‌ನಲ್ಲಿ ಅದು ಸಿಕ್ಕಿದ್ದು ಸ್ಕಾಟ್ಲೆಂಡಿನಿಂದ ಬಂದ ಒಂದು ಕುಟುಂಬದ ಮನೆ ಸಾಮಾನಿನಲ್ಲಿ. ಆ ಮನೆಗೇ ವಿಷದ ಹೊಗೆ ಹಾಕಬೇಕಾಯಿತು. ಗೋಧಿ ರಫ್ತನ್ನು ನಂಬಿದ ದೇಶಕ್ಕೆ ಈ ಹುಳು ನೆಲೆಸಿದರೆ ಮಾರುಕಟ್ಟೆಗಳೇ ಮುಚ್ಚುತ್ತವೆ. 2020ರ ಸೆಪ್ಟೆಂಬರಿನಿಂದ ಅಕ್ಕಿ, ಗೋಧಿ, ಕಡಲೆ, ಹೆಸರು, ಮಸೂರ, ಕಡಲೆಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಒಣಮೆಣಸಿನಕಾಯಿ ಇವನ್ನು ಹಡಗಿನಲ್ಲಿ ಬರುವ ಮನೆ ಸಾಮಾನಿನೊಳಗೆ ಇಡುವಂತಿಲ್ಲ. ಅಂದರೆ ನಮ್ಮ ಸಾರಿನ ಪುಡಿಯ ಡಬ್ಬಿಗೆ ಬೇಕಾದ ಮುಖ್ಯ ಸಾಮಾನೆಲ್ಲ ಒಂದೇ ಪಟ್ಟಿಯಲ್ಲಿ ಬಂದವು. ಧಾರವಾಡ ಪೇಡಾದಂಥ ಹಾಲಿನ ಸಿಹಿಗೂ, ಕರಿಬೇವಿಗೂ ಜಾಗವಿಲ್ಲ. ಸರಳ ದಾರಿಯೆಂದರೆ ಪೆಟ್ಟಿಗೆಯಲ್ಲಿ ತಿನ್ನುವ ವಸ್ತು ಒಂದೂ ಬೇಡ. ಮೆಲ್ಬರ್ನಿನ ಇಂಡಿಯನ್ ಅಂಗಡಿಗಳಲ್ಲಿ ಬ್ಯಾಡಗಿ ಮೆಣಸಿನಕಾಯಿಯೂ ಸಿಗುತ್ತದೆ.

ಹಾಗಾಗಿ ಪ್ಯಾಕಿಂಗ್ ದಿನ ಎಚ್ಚರ ಬೇಕಾದ ಕೋಣೆ ಅಡುಗೆಮನೆ. ಪಾತ್ರೆ, ಕುಕ್ಕರು, ಸ್ಟೀಲಿನ ಡಬ್ಬಿಗಳಲ್ಲಿ ತೊಂದರೆಯಿಲ್ಲ, ಆದರೆ ಡಬ್ಬಿ ಖಾಲಿಯಾದರೆ ಸಾಲದು. ಮುಚ್ಚಳದ ಅಂಚಿನ ಮಡಿಕೆಯಲ್ಲಿ ರವೆಯೋ ಸಾಸಿವೆಯೋ ಸಿಕ್ಕಿಕೊಂಡಿರುತ್ತದೆ. ಬಿಸಿನೀರಲ್ಲಿ ತೊಳೆದು, ಎರಡು ದಿನ ಒಣಗಿಸಿ, ಮುಚ್ಚಳ ಹಾಕದೆ ಬೇರೆಯಾಗಿ ಸುತ್ತಬೇಕು. ತೇವ ಉಳಿದರೆ ಕಂಟೇನರಿನ ಸೆಕೆಗೆ ಬೂಷ್ಟು ಹಿಡಿಯುತ್ತದೆ. ಈಳಿಗೆ ಮಣೆಯಲ್ಲಿ ಕಬ್ಬಿಣ ಮರಕ್ಕೆ ಕೂರುವ ಸಂದಿಯನ್ನು ಟಾರ್ಚು ಹಿಡಿದು ನೋಡಿ: ವರ್ಷಗಳ ತೆಂಗಿನ ತುರಿ ಅಲ್ಲಿ ಕಪ್ಪಾಗಿ ಗಟ್ಟಿಯಾಗಿರುತ್ತದೆ. ಮೂರು ಸ್ಕ್ರೂ ಬಿಚ್ಚಿ ಹಳೆಯ ಟೂತ್‌ಬ್ರಷ್‌ನಿಂದ ಕೆರೆಯದೆ ಅದು ಬರುವುದಿಲ್ಲ. ಗ್ರೈಂಡರಿನ ಕಲ್ಲಿನ ನಡುತೂತಿನಲ್ಲಿ ಒಣಗಿದ ದೋಸೆ ಹಿಟ್ಟು, ಚಪಾತಿ ಲಟ್ಟಣಿಗೆಯ ಹಿಡಿಯ ಬುಡದಲ್ಲಿ ಗೋಧಿ ಹಿಟ್ಟು. ಖಾಪ್ರಾ ಮರಿಗೆ ಬೇಕಾಗುವುದು ಇಂಥ ಬಿರುಕೇ.

ಪೊರಕೆಯನ್ನು ಬಿಟ್ಟೇ ಹೋಗಿ. ಹುಲ್ಲಿನ ಪೊರಕೆ ಎಂದರೆ ಹುಲ್ಲಿನ ತೆನೆ. ಬಿಳಿ ಕಾಗದದ ಮೇಲೆ ಹಿಡಿದು ಎರಡು ಬಾರಿ ಕೊಡವಿದರೆ ನವಿರಾದ ಹೂಪುಡಿಯ ಜೊತೆ ಕಾಳೂ ಉದುರುತ್ತದೆ. ಕಡ್ಡಿ ಪೊರಕೆಯ ಕಟ್ಟಿನೊಳಗೆ ಅಂಗಳದ ಮಣ್ಣು. ಬಿದಿರಿನ ಮೊರ, ಬೆತ್ತದ ಬುಟ್ಟಿಗಳದ್ದೂ ಇದೇ ಪಾಡು. ಹೆಣೆದ ಅಂಚುಪಟ್ಟಿಯೊಳಗೆ ಕೊರೆಹುಳು ಇದೆಯೇ ಇಲ್ಲವೇ ಎಂದು ಬಿಚ್ಚದೆ ಹೇಳಲಾಗದು. ಬೂರುಗದ ಹತ್ತಿಯ ದಿಂಬು, ಊರಿನಲ್ಲಿ ಹೊಲಿಸಿದ ಹತ್ತಿ ಹಾಸಿಗೆ ಮೆತ್ತಗೆ ಹಿಚುಕಿ ನೋಡಿದರೆ ಗಟ್ಟಿ ಕಾಳು ಬೆರಳಿಗೆ ಸಿಗುತ್ತದೆ. ಬೀಜವೆಂದರೆ ಬೀಜ, ಅದು ದಿಂಬಿನೊಳಗಿದ್ದರೂ. ತುಳಸಿ ಕಟ್ಟೆ ಹೋಗದು, ಬೆರಣಿ ಹೋಗದು. ರುದ್ರಾಕ್ಷಿ ಮಾಲೆಯನ್ನು ಪಟ್ಟಿಯಲ್ಲಿ ಕಾಣಿಸಿಯೇ ಕಳಿಸಬೇಕು, ಅದೂ ಬೀಜವೇ.

ಅಡುಗೆಮನೆ ಬಿಟ್ಟರೆ ಬಾಲ್ಕನಿ. ಮಕ್ಕಳ ಸೈಕಲ್ಲಿನ ಮಡ್‌ಗಾರ್ಡಿನ ಒಳಮೈ, ಕ್ರಿಕೆಟ್ ಬೂಟಿನ ಮುಳ್ಳುಗಳ ಬುಡ, ಟೆಂಟಿನ ಗೂಟ, ಕೈದೋಟದ ಗುದ್ದಲಿ, ವ್ಯಾಕ್ಯೂಮ್ ಕ್ಲೀನರಿನ ಧೂಳಿನ ಚೀಲ. ಸೈಕಲ್ ಒರೆಸಿದರೆ ಆಗದು, ಪೈಪು ಹಿಡಿದು ತೊಳೆದು ಚೈನಿನ ನಡುವಿನ ಮಣ್ಣು ತೆಗೆಯಬೇಕು. ಗುದ್ದಲಿ ಅಲ್ಲೇ ಕೊಂಡರಾಯಿತು. ಪುಸ್ತಕ ತುಂಬಲು ಹಣ್ಣಿನ ಅಂಗಡಿಯ ರಟ್ಟಿನ ಡಬ್ಬ, ಮೊಟ್ಟೆಯ ಟ್ರೇ, ಗಾಜಿಗೆ ಆಸರೆಯಾಗಿ ಭತ್ತದ ಹುಲ್ಲು, ಇವು ಹಳೆಯ ಅಭ್ಯಾಸಗಳು. ಈ ಮೂರೂ ನಿಷಿದ್ಧ. ಮರದ ಕ್ರೇಟು ಬಳಸಿದರೆ ಮರದ ಒಳತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿರಬೇಕು ಅಥವಾ ಅದಕ್ಕೆ ಹೊಗೆ ಹಾಕಿರಬೇಕು. ಕ್ರೇಟಿನ ಮೇಲೆ ತೆನೆಯ ಗುರುತಿನ ಅಚ್ಚು, ಅದರೊಳಗೆ ದೇಶದ ಅಕ್ಷರಗಳೂ ಚಿಕಿತ್ಸೆಯ ಅಕ್ಷರಗಳೂ ಇರುತ್ತವೆ. ಪ್ಯಾಕಿಂಗ್ ಮಾಡುವವರು ‘ಇದೆ ಸಾರ್’ ಎಂದಾಗ ಅಚ್ಚನ್ನು ಕಣ್ಣಾರೆ ನೋಡಿ ಫೋಟೊ ತೆಗೆದುಕೊಳ್ಳಿ.

ಪೀಠೋಪಕರಣದ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಮೇಜಿನ ಕೆಳಗೆ ಬಿಳಿ ಬಟ್ಟೆ ಹಾಸಿ, ಕಾಲುಗಳನ್ನು ಮರದ ಸುತ್ತಿಗೆಯಿಂದ ತಟ್ಟಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಸಣ್ಣ ರಾಶಿಯಾಗಿ ಮಾಸಲು ಹಳದಿ ಹಿಟ್ಟು ಬಿದ್ದಿದ್ದರೆ ಒಳಗೆ ಹುಳು ಬದುಕಿದೆ. ತೂತಿದ್ದು ಹಿಟ್ಟು ಬೀಳದಿದ್ದರೆ ಹಳೆಯ ತೂತಿರಬಹುದು, ಆದರೆ ಅಲ್ಲಿನ ಅಧಿಕಾರಿ ನಿಮ್ಮ ಬಿಳಿ ಬಟ್ಟೆಯನ್ನು ಕಂಡವರಲ್ಲ. ಅನುಮಾನ ಬಂದರೆ ಹೊಗೆ ಹಾಕಿಸುತ್ತಾರೆ, ಖರ್ಚು ನಿಮ್ಮದು. ಚನ್ನಪಟ್ಟಣದ ಗೊಂಬೆಗಳು ತಿರುಗಣಿಯಲ್ಲಿ ಕಡೆದು ಅರಗು ಹಚ್ಚಿದವು, ತೊಗಟೆಯಿಲ್ಲ. ಹುಳುವಿಲ್ಲದಿದ್ದರೆ ತೊಂದರೆ ಕಡಿಮೆ.

ಬೀಟೆ ಮರಕ್ಕೆ ಬಂದಾಗ ತಡೆ ಇತ್ತ ಕಡೆಯಿಂದಲೂ ಇದೆ. 2017ರ ಜನವರಿಯಿಂದ ಬೀಟೆಯ ಇಡೀ ಜಾತಿವರ್ಗ ಸೈಟಿಸ್ ಒಪ್ಪಂದದ, ಅಂದರೆ ಅಳಿವಿನ ಭಯವಿರುವ ಪ್ರಾಣಿ, ಸಸ್ಯಗಳ ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ, ಎರಡನೇ ಪಟ್ಟಿಯಲ್ಲಿದೆ. ಮೈಸೂರಿನ ಕುಸುರಿ ಕೆಲಸದ ಚೌಕಟ್ಟು, ಆಭರಣದ ಪೆಟ್ಟಿಗೆ ಮುಂತಾದ ಸಿದ್ಧ ವಸ್ತುಗಳಲ್ಲಿ ಮರದ ತೂಕ 10 ಕೆಜಿಯೊಳಗಿದ್ದರೆ ವಿನಾಯಿತಿ ಇದೆ. ವೀಣೆಯಂಥ ಸಿದ್ಧ ವಾದ್ಯಗಳಿಗೂ ಇದೆ. ಅಜ್ಜಿಯ ಬೀಟೆ ಮಂಚ 10 ಕೆಜಿಯೊಳಗೆ ಎಲ್ಲಿ ಬಂದೀತು? ಅದಕ್ಕೆ ಮೊದಲೇ ಕಾಗದಪತ್ರ ಆಗಬೇಕು. ಮಂಚ ನೂರು ವರ್ಷ ದಾಟಿದ್ದು, ಕೆತ್ತನೆಯ ಕಲಾವಸ್ತು ಎನಿಸುವಂತಿದ್ದರೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಅಡ್ಡ ಬರುತ್ತದೆ: ನೂರು ವರ್ಷ ಮೀರಿದ ಪ್ರಾಚ್ಯವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ತಾಳೆಗರಿಯಂಥ ಹಸ್ತಪ್ರತಿಗೆ ಮಿತಿ 75 ವರ್ಷ. ಹೊಸದಾದರೂ ಹಳೆಯದರಂತೆ ಕಾಣುವ ಕಂಚಿನ ವಿಗ್ರಹಕ್ಕೆ ಪುರಾತತ್ವ ಇಲಾಖೆಯಿಂದ ‘ಪ್ರಾಚ್ಯವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆದಿಡುವುದು ಒಳ್ಳೆಯದು. ಹಳೆಯ ವೀಣೆಯ ಅಂಚಿನಲ್ಲಿ ಕೂರಿಸಿದ್ದು ದಂತವೋ ಪ್ಲಾಸ್ಟಿಕ್ಕೋ ನೋಡಿಕೊಳ್ಳಿ. ದಂತವಾದರೆ ಅದು ಮನೆಯಲ್ಲೇ ಇರಲಿ. ಕೃಷ್ಣನ ಮೂರ್ತಿಯ ಹಿಂದೆ ಸಿಕ್ಕಿಸಿದ ನವಿಲುಗರಿಯನ್ನೂ ತೆಗೆದಿಡಿ, ಅದರ ರಫ್ತು ನಿಷಿದ್ಧ.

ದೇವರ ಮನೆಯಿಂದ ಇನ್ನೊಂದು ತೆಗೆಯಬೇಕು: ಕರ್ಪೂರ. ಅದು ಹತ್ತಿಕೊಳ್ಳುವ ಘನವಸ್ತು, ಅಪಾಯಕಾರಿ ಸರಕಿನ ಸಾಲಿನದ್ದು. ಪವರ್ ಬ್ಯಾಂಕು, ಇನ್ವರ್ಟರಿನ ಆಸಿಡ್ ಬ್ಯಾಟರಿ, ನೈಲ್ ಪಾಲಿಶ್, ಸ್ಪ್ರೇ ಡಬ್ಬಿ, ಬೆಂಕಿಪೊಟ್ಟಣ ಎಲ್ಲ ಅದೇ ಗುಂಪು. ಔಷಧಿ ಕೈಚೀಲದಲ್ಲಿ, ವೈದ್ಯರ ಚೀಟಿಯ ಜೊತೆ, ಮೂರು ತಿಂಗಳಿಗೆ ಮೀರದಂತೆ. ಚಿನ್ನ, ಮೂಲ ದಾಖಲೆಗಳು, ಲ್ಯಾಪ್‌ಟಾಪು ಯಾವತ್ತೂ ಹಡಗಿಗೆ ಹಾಕಬೇಡಿ.

ಮಧ್ಯಾಹ್ನದ ಊಟದ ಹೊತ್ತಿಗೆ ಪೆಟ್ಟಿಗೆಗಳು ಅರ್ಧ ತುಂಬಿರುತ್ತವೆ. ಪಟ್ಟಿ ಕೆಡುವುದು ಆಗಲೇ. ಮೇಸ್ತ್ರಿ ‘ಕಿಚನ್ ಐಟಮ್ಸ್’, ‘ಇತರೆ’ ಎಂದು ಗೀಚುತ್ತಾ ಹೋಗುತ್ತಾನೆ. ‘ಇತರೆ’ ಎಂದು ಬರೆದ ಪೆಟ್ಟಿಗೆಯನ್ನೇ ಅಧಿಕಾರಿ ಮೊದಲು ಬಿಚ್ಚಿಸುತ್ತಾರೆ. ಬರೆಯಬೇಕಾದದ್ದು ಹೀಗೆ: ‘23/61: ಸ್ಟೀಲ್ ಪಾತ್ರೆ 14, ಮರದ ಲಟ್ಟಣಿಗೆ 1, ಈಳಿಗೆ ಮಣೆ 1, ಬಳಸಿದ್ದು, ತೊಳೆದದ್ದು’. ಮರ, ಚರ್ಮ, ಗರಿ, ಬೀಜ ಇರುವ ವಸ್ತುಗಳನ್ನೆಲ್ಲ ಎರಡು ಮೂರು ಪೆಟ್ಟಿಗೆಗಳಲ್ಲೇ ಸೇರಿಸಿ ಆ ನಂಬರುಗಳನ್ನು ಪಟ್ಟಿಯಲ್ಲಿ ಗುರುತು ಮಾಡಿದರೆ ಉಳಿದವುಗಳ ಟೇಪು ಕೀಳುವ ಸಂಭವ ಕಡಿಮೆ. ಚನ್ನಪಟ್ಟಣದ ಗೊಂಬೆಯನ್ನು ಆರು ಪೆಟ್ಟಿಗೆಗೆ ಹಂಚಿದರೆ ಆರೂ ಬಿಚ್ಚುತ್ತವೆ. ಬಿಚ್ಚುವ ಸಮಯಕ್ಕೂ ದುಡ್ಡು. ನೀವೇ ತುಂಬಿದ ಪೆಟ್ಟಿಗೆಗೆ ‘ಮಾಲೀಕರೇ ಪ್ಯಾಕ್ ಮಾಡಿದ್ದು’ ಎಂಬ ಷರಾ ಬೀಳುತ್ತದೆ. ಅದರೊಳಗೆ ಒಡೆದುಹೋದದ್ದಕ್ಕೆ ವಿಮೆ ಸಾಮಾನ್ಯವಾಗಿ ಕೈಯೆತ್ತುತ್ತದೆ.

ಕೊಟೇಶನ್ ಓದುವಾಗ ಎರಡು ಮಾತು ನೋಡಬೇಕು. ಬೆಲೆ ಸಿಬಿಎಂ ಲೆಕ್ಕದಲ್ಲಿ, ಅಂದರೆ ಘನ ಮೀಟರಿನಲ್ಲಿ ಇರುತ್ತದೆ. 20 ಅಡಿ ಕಂಟೇನರಿನ ಒಳಗಾತ್ರ ಸುಮಾರು 33 ಘನ ಮೀಟರ್. ಪೀಠೋಪಕರಣ ಬಿಟ್ಟು ಹೊರಟವರಿಗೆ ಅಷ್ಟು ಬೇಕಾಗದು, ಬೇರೆಯವರ ಸಾಮಾನಿನ ಜೊತೆ ಪಾಲು ಕಂಟೇನರು ಸಾಕು. ಆದರೆ ಪಾಲಿನಲ್ಲಿ ಹೋದರೆ ಮತ್ತೊಬ್ಬರ ಪೆಟ್ಟಿಗೆಯಲ್ಲಿ ಹುಳು ಸಿಕ್ಕಿದರೂ ನಿಮ್ಮದು ನಿಲ್ಲುತ್ತದೆ. ಎರಡನೆಯದು, ಬಾಗಿಲಿನಿಂದ ಬಾಗಿಲಿಗೋ ಬಾಗಿಲಿನಿಂದ ಬಂದರಿಗೋ ಎಂಬುದು. ಅಗ್ಗದ ಕೊಟೇಶನ್ ಸಾಮಾನ್ಯವಾಗಿ ಬಂದರಿಗೆ ಮುಗಿಯುತ್ತದೆ. ಆಮೇಲೆ ಬಂದರಿನ ನಿರ್ವಹಣಾ ಶುಲ್ಕ, ಕಂಟೇನರ್ ಬಿಚ್ಚುವ ಡಿಪೊ, ತಪಾಸಣೆ, ಮನೆಗೆ ಲಾರಿ ಎಲ್ಲ ಡಾಲರಿನಲ್ಲಿ. ಬಾಗಿಲಿಗೆ ತಲುಪಿಸುವ ಕೊಟೇಶನ್‌ನಲ್ಲೂ ಬಯೋಸೆಕ್ಯುರಿಟಿ ಖರ್ಚು ಹೊರಗೇ ಇರುವುದುಂಟು. ಬರೆದು ಕೇಳಿ, ಬರೆದು ಉತ್ತರ ಪಡೆಯಿರಿ.

ಏನನ್ನು ಒಯ್ಯುವುದು ಲಾಭ? ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಮಿಕ್ಸಿ, ಗ್ರೈಂಡರು ಪ್ಲಗ್ಗಿನ ಆಕಾರ ಬಿಟ್ಟರೆ ಹಾಗೆಯೇ ಓಡುತ್ತವೆ. ಗ್ಯಾಸ್ ಸ್ಟವ್ ಮಾತ್ರ ದಂಡ: ಅಲ್ಲಿನ ಪ್ರಮಾಣೀಕರಣವಿಲ್ಲದ್ದನ್ನು ಪರವಾನಗಿ ಇರುವ ಗ್ಯಾಸ್ ಕೆಲಸಗಾರ ಜೋಡಿಸುವುದಿಲ್ಲ.

ಸಂಜೆ ಲಾರಿ ಹೊರಟು, ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೊದಿಂದಲೋ ನೇರ ರಸ್ತೆಯಲ್ಲೋ ಚೆನ್ನೈ ಬಂದರು ಸೇರಿ, ನಡುವೆ ಒಂದು ಕಡೆ ಹಡಗು ಬದಲಿಸಿ, ಮೆಲ್ಬರ್ನ್ ಮುಟ್ಟಿ ಕೈಗೆ ಬರುವಷ್ಟರಲ್ಲಿ ಎರಡು ಮೂರು ತಿಂಗಳು. ಡಿಪೊದ ಕಾಂಕ್ರೀಟ್ ನೆಲದ ಮೇಲೆ ಪೆಟ್ಟಿಗೆಗಳನ್ನು ನಂಬರಿನ ಸಾಲಿನಲ್ಲಿ ಜೋಡಿಸುತ್ತಾರೆ. ಅಧಿಕಾರಿ ಪಟ್ಟಿ ಹಿಡಿದು ‘ಏಳು, ಇಪ್ಪತ್ತಮೂರು, ನಲವತ್ತು’ ಎನ್ನುತ್ತಾರೆ. ಕೆಲಸಗಾರ ಟೇಪು ಸೀಳುತ್ತಾನೆ. ಈಳಿಗೆ ಮಣೆಯ ಸಂದಿಗೆ ಟಾರ್ಚು ಬೀಳುತ್ತದೆ, ಬೂಟು ತಲೆಕೆಳಗಾಗುತ್ತದೆ. ಸ್ವಚ್ಛವಿದ್ದರೆ ಹೊಸ ಟೇಪು, ಮುಂದಿನ ಪೆಟ್ಟಿಗೆ. ಇಲ್ಲದಿದ್ದರೆ ಮಾಲೀಕರಿಗೆ ಒಂದು ನೋಟಿಸು ಹೋಗುತ್ತದೆ. ಚಿಕಿತ್ಸೆ ಮಾಡಿಸುತ್ತೀರೋ, ವಾಪಸು ಕಳಿಸುತ್ತೀರೋ, ನಾಶ ಮಾಡಿಸುತ್ತೀರೋ ಎಂದು ಅದರಲ್ಲಿ ಕೇಳಿರುತ್ತದೆ. ಸಿಕ್ಕಿಬಿದ್ದದ್ದು ಬಿದಿರಿನ ಮೊರವಾದರೆ, ಹೊಗೆ ಅಥವಾ ಗಾಮಾ ಕಿರಣದ ಚಿಕಿತ್ಸೆಗೆ ತಗಲುವ ದುಡ್ಡಿನಲ್ಲಿ ಅಂಥ ಹತ್ತು ಮೊರ ಬರುತ್ತವೆ. ಹೆಚ್ಚಿನವರು ‘ನಾಶ’ ಎಂಬ ಚೌಕಕ್ಕೆ ಗುರುತು ಹಾಕಿ, ನಾಶ ಮಾಡಿಸುವ ಶುಲ್ಕವನ್ನೂ ಕಟ್ಟಿ, ಅಂಗಡಿಗೆ ಹೋಗಿ ಪ್ಲಾಸ್ಟಿಕ್ ಮೊರ ತರುತ್ತಾರೆ.